ಎಡಗಿವಿಯ ನೀರು

ಟಕ್... ಟಕ್... ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಕ್. ಐವತ್ತು ಅಡಿ ಮೇಲೆ, ಗರಿಗಳ ಸಂದಿಯಲ್ಲಿ, ಮಚ್ಚಿನ ಹಿಂಬದಿಯಿಂದ ತೆಂಗಿನಕಾಯಿ ತಟ್ಟುವ ಸದ್ದು. ಹೋದ ತಿಂಗಳು ತಲೆಸುತ್ತು ಬಂದು ಇ.ಎನ್.ಟಿ. ಡಾಕ್ಟರ ಹತ್ತಿರ ಹೋಗಿದ್ದಾಗ, ಅವರ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಕಿವಿಯನ್ನು ಕಂಡ ಕೂಡಲೇ ಆ ಸದ್ದು ನೆನಪಾಯಿತು. ಸುತ್ತಿಕೊಂಡ ಬಸವನಹುಳುವಿನಂಥದ್ದೊಂದು, ಅದರ ನೆತ್ತಿಗೆ ಅಂಟಿಕೊಂಡ ಮೂರು ನೀಲಿ ಬಳೆಗಳು. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. "ನೋಡಿ ಮೇಡಂ, ಇದರೊಳಗೆ ನೀರಿನ ಥರ ಒಂದು ಲಿಕ್ವಿಡ್ ಇರುತ್ತೆ..." ಎಂದು ಶುರು ಮಾಡಿದಳು.

"ಗೊತ್ತಮ್ಮಾ, ಪ್ಲೀಸ್," ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು.

ಗೊತ್ತಿಲ್ಲದೆ ಏನು? ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿ ಬರೆಸಿದ ಇಯರ್ ಡಯಾಗ್ರಾಮನ್ನು ಇವತ್ತಿಗೂ ಕಣ್ಣು ಮುಚ್ಚಿ ಬರೆದು ಲೇಬಲ್ ಮಾಡಬಲ್ಲೆ. ಮೂವತ್ತು ವರ್ಷ ತುಮಕೂರಿನ ಹುಡುಗಿಯರಿಗೆ ಅದನ್ನೇ ಪಾಠ ಮಾಡಿದೆ. ಅವರಲ್ಲಿ ಎಷ್ಟು ಜನ ಮರೆತರೋ. ಅರ್ಥ ಮಾಡಿಕೊಂಡು ನೆನಪಿಟ್ಟುಕೊಂಡವನು ಒಬ್ಬನೇ. ಅವನು ಶಾಲೆಯ ಮುಖ ಕಂಡವನಲ್ಲ.

ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಯ ಹಿಂದೆ ಐದು ತೆಂಗಿನ ಮರಗಳಿದ್ದವು. ಎರಡು ತಿಂಗಳಿಗೊಮ್ಮೆ ಗುಬ್ಬಿ ಕಡೆಯ ಹಳ್ಳಿಯಿಂದ ಅವನು ಸೈಕಲ್ ತುಳಿದುಕೊಂಡು ಬಂದು ಕಾಯಿ ಕಿತ್ತು ಕೊಡುತ್ತಿದ್ದ. ನಮ್ಮ ಬೀದಿಯ ಮರಗಳನ್ನೆಲ್ಲ ಹತ್ತುತ್ತಿದ್ದವನು ಅವನೊಬ್ಬನೇ. ನಮ್ಮತ್ತೆ ಅವನನ್ನು ಬೈಯದೆ ಮರ ಹತ್ತಿಸಿದವರಲ್ಲ, ಅವನು ತಿರುಗಿ ಒಂದು ಮಾತು ಎಸೆಯದೆ ಹತ್ತಿದವನಲ್ಲ. ಕಾಯಿ ಬಲಿತಿದೆಯೋ ಇಲ್ಲವೋ ಎಂದು ಕಣ್ಣಿನಲ್ಲಿ ಅಂದಾಜು ಮಾಡಿದರೂ ಕೊನೆಗೆ ಅವನು ನಂಬುತ್ತಿದ್ದುದು ಕಿವಿಯನ್ನೇ. ತಟ್ಟಿ, ಕೇಳಿ, ಆಮೇಲೆ ಕಡಿಯುತ್ತಿದ್ದ. ಅವನ ಲೆಕ್ಕ ತಪ್ಪಿದ್ದನ್ನು ನಾನು ಕಂಡೇ ಇರಲಿಲ್ಲ.

ಹಾಗಾಗಿ ಆ ಭಾನುವಾರ ಬೆಳಿಗ್ಗೆ ಇಡೀ ಒಂದು ಗೊನೆ ಎಳೆಗಾಯಿ ದಬದಬ ಬಿದ್ದಾಗ ಅತ್ತೆಯೇ ಬೆರಗಾದರು.

"ಏನ್ಲಾ ಇದು? ಮರದ್ ಮೇಲೆ ನಿದ್ದೆ ಮಾಡ್ತಿದ್ಯಾ?"

"ಇಲ್ಲ ಕಣವ್ವಾ. ಇವತ್ತು ಯಾಕೋ ಎಲ್ಲಾ ಕಾಯೂ ಒಂದೇ ಥರ ಮಾತಾಡ್ತವೆ."

"ಕಾಯಿ ಮೇಲ್ ಯಾಕ್ ಹಾಕ್ತೀಯ? ವಯಸ್ಸಾಯ್ತು ಅನ್ನು."

"ನಿಮ್ಗಿಂತಲಾ?"

ಅತ್ತೆ ನಗು ನುಂಗಿಕೊಂಡು ಒಳಗೆ ಹೋದರು. ಅವನು ಇಳಿದ. ಇಳಿದವನು ಮರವನ್ನು ಬಿಡಲಿಲ್ಲ. ಎರಡೂ ತೋಳುಗಳಿಂದ ತಬ್ಬಿ ಹಿಡಿದು, ಹಣೆಯನ್ನು ಕಾಂಡಕ್ಕೆ ಒತ್ತಿ ನಿಂತ. ಹತ್ತಿರ ಹೋದೆ. ಕಣ್ಣುಗುಡ್ಡೆಗಳು ಒಂದೇ ಪಕ್ಕಕ್ಕೆ ಜಾರಿ ಜಾರಿ ವಾಪಸ್ಸು ಬರುತ್ತಿದ್ದವು. ಆಮೇಲೆ ಅಲ್ಲೇ ಕೂತು ವಾಂತಿ ಮಾಡಿಕೊಂಡ. ನಾನು ಅವನ ಎಡಗಡೆ ನಿಂತು "ಏನಾಯ್ತಪ್ಪಾ?" ಎಂದು ಎರಡು ಸಲ ಕೇಳಿದೆ. ಕೇಳಿಸಲೇ ಇಲ್ಲ. ಎದುರಿಗೆ ಬಂದು ಕೇಳಿದಾಗ ಹೇಳಿದ.

"ಎಡಗಿವೀಲಿ ಗುಂಯ್ ಅಂತದೆ ಟೀಚರಮ್ಮ. ಆಮ್ಯಾಕೆ ಭೂಮಿನೇ ತಿರುಗ್ತದೆ. ಗುಂಯ್ ಅಂದೇಟ್ಗೆ ಇಳ್ದುಬುಡ್ತೀನಿ. ಇಳಿಯೋಗಂಟ ಟೈಮ್ ಕೊಡ್ತದೆ. ನಮ್ಮನೆಯೋಳು ಗಾಳಿ ಸೋಕದೆ ಅಂತ ತಾಯ್ತ ಕಟ್ಸವ್ಳೆ."

ಟೈಮ್ ಕೊಡುತ್ತದಂತೆ! ಯಾವತ್ತೋ ಒಂದು ದಿನ ಕೊಡದಿದ್ದರೆ? ತಲೆಯೆತ್ತಿ ಮರದ ತುದಿ ನೋಡಿದೆ. ನೋಡಬಾರದಿತ್ತು.

ಇದು ಗಾಳಿಯೂ ಅಲ್ಲ, ದೆವ್ವವೂ ಅಲ್ಲ, ಕಿವಿಯ ಕಾಯಿಲೆ ಎಂದು ಅವನಿಗೆ ತಿಳಿಸಲೇಬೇಕಿತ್ತು. ಕಿವಿ ಇರುವುದು ಕೇಳುವುದಕ್ಕೆ ಮಾತ್ರ ಅಲ್ಲಪ್ಪಾ, ನಾವು ಬೀಳದೆ ನಿಲ್ಲುವುದೂ ಅದರಿಂದಲೇ ಎಂದೆ. ಗರಿಕಡ್ಡಿಯಲ್ಲಿ ಮಣ್ಣಿನ ಮೇಲೆ ಬರೆದು ತೋರಿಸಿದೆ. ಇದು ತಮಟೆ, ಇವು ಮೂರು ಪುಟ್ಟ ಮೂಳೆ, ಇದು ಕೇಳಿಸುವ ಬಸವನಹುಳು, ಈ ಮೂರು ಬಳೆಗಳು ಬ್ಯಾಲೆನ್ಸಿಗೆ. ಬಳೆಯೊಳಗೆ ನೀರು. ಅದು ಅವನ ತಲೆಗೆ ಹತ್ತಲಿಲ್ಲ. ಆಗ, ಮೈ ಗಾಡ್, ನನಗೆ ಬಹಳ ಒಳ್ಳೆಯ ಐಡಿಯಾ ಹೊಳೆಯಿತು. ಬಿದ್ದಿದ್ದ ಒಂದು ಎಳೆಗಾಯಿಯ ತಲೆ ಕೆತ್ತಿಸಿ, ಕೈಯಲ್ಲಿ ಗಿರ್ರನೆ ತಿರುಗಿಸಿ, ತಟ್ಟನೆ ನಿಲ್ಲಿಸಿದೆ. ಕಾಯಿ ನಿಂತಿತು, ಒಳಗಿನ ನೀರು ಸುತ್ತುತ್ತಲೇ ಇತ್ತು.

"ನಿನ್ನ ಎಡಗಿವಿಯಲ್ಲಿ ಈ ನೀರು ಹೆಚ್ಚಾಗಿದೆ. ನೀನು ನಿಂತಿದ್ದರೂ ತಿರುಗ್ತಾ ಇದೀಯ ಅಂತ ಅದು ಸುಳ್ಳು ಹೇಳುತ್ತೆ."

ಅವನ ಮುಖ ಬೆಳಗಿತು. "ಹಂಗಾರೆ ನನ್ ತಲೇಲೂ ಎಳನೀರದೆ ಅನ್ನಿ!"

ಡಾಕ್ಟರಿಗೆ ತೋರಿಸುವವರೆಗೂ ಮರ ಹತ್ತಕೂಡದು ಎಂದು ಮಾತು ತೆಗೆದುಕೊಂಡೆ. ಅವನೂ ಒಂದು ಮಾತು ತೆಗೆದುಕೊಂಡ. "ಯಾರ್ಗೂ ಹೇಳ್ಬ್ಯಾಡಿ ಟೀಚರಮ್ಮ. ಗೊತ್ತಾದ್ರೆ ಯಾವ ಮನೆಯೋರೂ ಮರ ಮುಟ್ಸಕಿಲ್ಲ. ನಂಗೆ ಬ್ಯಾರೆ ಕೆಲ್ಸ ಬರಾಕಿಲ್ಲ."

ಮುಂದಿನ ಮೂರು ವಾರ ಪಕ್ಕದ ಕಾಂಪೌಂಡಿನಲ್ಲಿ ಏನು ಧೊಪ್ಪೆಂದು ಬಿದ್ದರೂ ಕಿಟಕಿಗೆ ಓಡುತ್ತಿದ್ದೆ. ಕಾಯಿಯೋ, ಮನುಷ್ಯನೋ...

ನಾಲ್ಕನೆಯ ವಾರ ಅವನೇ ಬಂದ. ಎಡಗಿವಿಯಲ್ಲಿ ಹತ್ತಿ, ಹತ್ತಿಯ ಮೇಲೆ ಹಳದಿ ಕಲೆ. ಮುಖದ ತುಂಬ ನಗು.

"ನೀರು ತೆಗೆಸ್ಬುಟ್ಟೆ ಟೀಚರಮ್ಮ!"

ಮಗಳನ್ನು ಕುಣಿಗಲ್‌ಗೆ ಕೊಟ್ಟಿದ್ದನಂತೆ. ಅವಳನ್ನು ನೋಡಲು ಹೋದಾಗ ಅಲ್ಲಿಯ ಸಂತೆಯಲ್ಲಿ ಕಿವಿಯ ಗುಗ್ಗೆ ತೆಗೆಯುವವನು ಸಿಕ್ಕಿದ್ದಾನೆ. ಇವನೇ ಅವನಿಗೆ ವಿವರಿಸಿ, ಉದ್ದನೆಯ ಸೂಜಿಯಿಂದ ಒಳಗೆ ತೂತು ಮಾಡಿಸಿಕೊಂಡಿದ್ದಾನೆ.

"ಅಯ್ಯೋ, ನಿಂಗೆ ಯಾರಪ್ಪಾ ಹೇಳಿದ್ದು ಹಾಗೆ ಮಾಡು ಅಂತ?"

"ನೀವೇ ಅಲ್ವಾ ತೋರ್ಸಿದ್ದು? ಕಾಯೊಳ್ಗಿನ್ ನೀರು ತೂತು ಮಾಡ್ದೆ ಬತ್ತದಾ?"

ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ತಮಟೆ ಹರಿದಿದೆ, ಅದರ ಹಿಂದಿನ ಮೂಳೆ ಜರುಗಿದೆ, ಕೀವು ಕಟ್ಟಿದೆ ಎಂದರು ಡಾಕ್ಟರು. ಇನ್ನು ಬಲಗಿವಿಯೊಂದರಲ್ಲೇ ಬದುಕಬೇಕು, ಮರದ ಹತ್ತಿರ ಸುಳಿಯಕೂಡದು. "ನೀರು ತೆಗೆಸು ಅಂತ ನಿನ್ನ ತಲೆಗೆ ತುಂಬಿದವರು ಯಾರಯ್ಯಾ?" ಎಂದು ಗದರಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅವನು ನನ್ನ ಕಡೆ ನೋಡದೆ, "ಯಾರೂ ಇಲ್ಲ ಸಾ, ನಂಗೇ ಹೊಳೀತು," ಎಂದ. ನಾನೂ ಬಾಯಿ ಬಿಡಲಿಲ್ಲ. ಹೊರಗೆ ಬಂದಮೇಲೂ ಬಿಡಲಿಲ್ಲ.

ಆದರೆ ಬೀದಿಯಲ್ಲಿ ಮಾತ್ರ ಬಿಟ್ಟೆ. ಅವನು ಬಿದ್ದು ಸಾಯುತ್ತಾನೆಂಬ ಭಯಕ್ಕೆ ಮನೆಮನೆಗೂ ಹೋಗಿ, ಅವನನ್ನು ಮರ ಹತ್ತಿಸಬೇಡಿ ಎಂದು ಹೇಳಿ ಬಂದೆ. ಕೊಟ್ಟ ಮಾತು ಮುರಿದೆ. ಅವನು ನಮ್ಮ ಬೀದಿಗೆ ಬರುವುದು ನಿಂತಿತು.

ಈಗ ಆ ಐದು ಮರಗಳೂ ಇಲ್ಲ, ಅತ್ತೆಯೂ ಇಲ್ಲ. ಅವನು ಇದ್ದಾನೋ ಇಲ್ಲವೋ ತಿಳಿಯದು. ಅವನ ಊರಿನ ಹೆಸರನ್ನೂ ನಾನು ಯಾವತ್ತೂ ಸರಿಯಾಗಿ ಕೇಳಿಕೊಂಡಿರಲಿಲ್ಲ. ನನ್ನ ಕಿವಿಯಲ್ಲೂ ಗುಂಯ್ ಎಂದಾಗ ಮಂಚದ ಅಂಚು ಹಿಡಿದು ಕೂರುತ್ತೇನೆ. ಎರಡಡಿ ಎತ್ತರದ ಮಂಚ. ಅಷ್ಟಕ್ಕೇ ಹೆದರಿಕೆಯಿಂದ ಬೆವರುತ್ತೇನೆ. ಅವನಿಗೆ ಹೇಗಾಗುತ್ತಿತ್ತೋ...

ಅವನನ್ನು ಕಡೆಯ ಸಲ ಕಂಡದ್ದು ಗುಬ್ಬಿಯಲ್ಲಿ, ಅದಾಗಿ ಒಂದು ವರ್ಷಕ್ಕೆ. ಎಕ್ಸಾಮ್ ಡ್ಯೂಟಿ ಮುಗಿಸಿ ತುಮಕೂರು ಬಸ್ಸಿಗೆ ಕಾಯುತ್ತಿದ್ದೆ. ರಸ್ತೆಯ ಆಚೆ, ಯಾರದೋ ಕಾಂಪೌಂಡಿನ ಮರದ ತುದಿಯಲ್ಲಿ ಅವನು. ಕೂಗಬೇಕೆಂದು ಬಾಯಿ ತೆರೆದೆ. ತಕ್ಷಣ ಸೆರಗು ಒತ್ತಿ ಮುಚ್ಚಿಕೊಂಡೆ. ಒಂದೇ ಕಿವಿಯವನಿಗೆ ಸದ್ದು ಯಾವ ದಿಕ್ಕಿನದೆಂದು ತಿಳಿಯುವುದಿಲ್ಲ. ಕತ್ತು ತಿರುಗಿಸಿ ಹುಡುಕುತ್ತಾನೆ, ಹುಡುಕಿದರೆ ತಲೆ ಸುತ್ತುತ್ತದೆ. ಇದೂ ನಾನು ಪಾಠ ಮಾಡಿದ್ದೇ. ಬಸ್ಸು ಬಂತು, ಹೋಯಿತು. ಇನ್ನೊಂದೂ ಹೋಯಿತು. ಅವನು ಅರ್ಧ ಇಳಿದು, ಕಾಂಡಕ್ಕೆ ಹಣೆ ಒತ್ತಿ ನಿಂತುಬಿಟ್ಟ. ಎಷ್ಟು ಹೊತ್ತೋ. ಮತ್ತೆ ಇಳಿಯತೊಡಗಿದ.

ಎರಡೂ ಪಾದ ನೆಲಕ್ಕೆ ತಾಗಿ, ಗೇಟಿನ ಹೊರಗಿದ್ದ ಸೈಕಲ್ಲಿಗೆ ಅವನು ಹಗ್ಗ ಸುತ್ತಿದ ಮೇಲೆ, ಇದ್ದ ಶಕ್ತಿಯೆಲ್ಲ ಸೇರಿಸಿ ಕೂಗಿದೆ. ಅವನಿಗೆ ಕೇಳಿಸಿತು. ನಾನಿದ್ದುದು ಅವನ ಎಡಕ್ಕೆ. ಅವನು ಬಲಕ್ಕೆ ತಿರುಗಿ, ಖಾಲಿ ರಸ್ತೆಯನ್ನು ನೋಡುತ್ತ, ಯಾರೋ ಗುರುತಿನವರು ಕರೆದರೆಂದು ನಕ್ಕ. ಒಂದರ ಹಿಂದೊಂದು ಲಾರಿಗಳು ಅಡ್ಡ ಬಂದವು. ಅವು ದಾಟುವಷ್ಟರಲ್ಲಿ ಅವನು ಸೈಕಲ್ ಹತ್ತಿ, ದನಿ ಬಂತೆಂದುಕೊಂಡ ಆ ದಿಕ್ಕಿಗೇ ಹೊರಟಿದ್ದ.