ಸೈಕಲ್ಲಿನಿಂದ ಇಳಿದಿದ್ದ ಮನುಷ್ಯ

ನಾನು ಪೊಲೀಸರಿಗೆ ಸುಳ್ಳು ಹೇಳಿದೆ. ಬಂದರಿನ ಹಮಾಲಿ ಅಪ್ಪಲಸ್ವಾಮಿ ಸೈಕಲ್ ತುಳಿಯುತ್ತಿರಲಿಲ್ಲ — ಇಳಿದು, ತಳ್ಳಿಕೊಂಡು, ಬಿಳಿ ಪಟ್ಟೆಗಳ ಮೇಲೆಯೇ ರಸ್ತೆ ದಾಟುತ್ತಿದ್ದರು. ಕಣ್ಣಾರೆ ಕಂಡಿದ್ದೆ.

ಎಂಬತ್ತರ ದಶಕದ ಕೊನೆ. ವಿಶಾಖಪಟ್ಟಣದ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದೆ. ಧಾರವಾಡಕ್ಕೆ ವರ್ಗ ಕೇಳಿ ಅರ್ಜಿ ಹಾಕಿದ್ದೆ. ಅದಕ್ಕೆ ಶಿಫಾರಸು ಬರೆಯಬೇಕಾದ ಮ್ಯಾನೇಜರ್ ಸಾಹೇಬರೇ ಅಂದು ಕಾರು ಓಡಿಸುತ್ತಿದ್ದರು, ಪಕ್ಕದಲ್ಲಿ ನಾನು. ಬಂದರಿನ ರಸ್ತೆಯಲ್ಲಿ ಅಪ್ಪಲಸ್ವಾಮಿ ಕೈ ಎತ್ತಿದ್ದು ಕಂಡಿತು. ಸಾಹೇಬರು ನನ್ನತ್ತ ತಿರುಗಿ ಏನೋ ಹೇಳುತ್ತಿದ್ದರು. ಕೂಗಬಹುದಿತ್ತು — ಕೂಗುವಷ್ಟರಲ್ಲಿ...

ಠಾಣೆಯ ಮೆಟ್ಟಿಲಲ್ಲೇ ಸಾಹೇಬರ ವಕೀಲರು ಬಿಡಿಸಿ ಹೇಳಿದ್ದರು: ನಡೆದು ದಾಟುವವನಿಗೆ ಆ ಪಟ್ಟೆಯ ಮೇಲೆ ಕಾರು ದಾರಿ ಬಿಡಬೇಕು, ಸೈಕಲ್ ತುಳಿಯುವವನಾದರೆ ಅವನೂ ಒಂದು ವಾಹನ, ದಾರಿ ಬಿಡಬೇಕಾಗಿಲ್ಲ. ಸಾಹೇಬರು ಮೆಲ್ಲಗೆ, "ವಿಚಾರ ಮಾಡಿ ಹೇಳ್ರಿ" ಎಂದರು. ಅಷ್ಟೇ.

"ತೊಕ್ಕುತುನ್ನಾಡಾ, ದಿಗಿ ನಡುಸ್ತುನ್ನಾಡಾ?" ಹೆಡ್ ಕಾನ್‌ಸ್ಟೇಬಲ್ ಕೇಳಿದರು. ತುಳಿಯುತ್ತಿದ್ದನೋ, ಇಳಿದು ನಡೆಯುತ್ತಿದ್ದನೋ?

"ತೊಕ್ಕುತುನ್ನಾಡು" ಎಂದೆ.

ಕೋರ್ಟು ತಪ್ಪು ಅಪ್ಪಲಸ್ವಾಮಿಯದೇ ಎಂದಿತು. ಒಂದು ಕಾಲು ಹೋಯಿತು, ಬಂದರಿನ ಹಮಾಲಿ ಕೆಲಸವೂ ಹೋಯಿತು.

ಒಮ್ಮೆ ಊರುಗೋಲು ಹಿಡಿದು ಬ್ಯಾಂಕಿಗೇ ಬಂದರು. ಜಗಳಕ್ಕಲ್ಲ. "ಬಾಬೂ, ನೇನು ದಿಗಾನು ಕದಾ?" — ನಾನು ಇಳಿದಿದ್ದೆನಲ್ಲವೇ — ಎಂದಷ್ಟೇ ಕೇಳಿದರು. ತೆಲುಗು ಸರಿಯಾಗಿ ಬರುವುದಿಲ್ಲ ಎಂದು ತಲೆ ತಗ್ಗಿಸಿದೆ. ಆರು ವರ್ಷ ಅದೇ ತೆಲುಗಿನಲ್ಲಿ ತರಕಾರಿ ಚೌಕಾಸಿ ಮಾಡಿದವನು ನಾನು.

ವರ್ಗವಾಯಿತು. ಹತ್ತು ವರ್ಷ ಯಾರಿಗೂ ಹೇಳಲಿಲ್ಲ, ಹೆಂಡತಿಗೂ.

ಕಳೆದ ತಿಂಗಳು ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯಲ್ಲಿ ಅವರ ಮನೆ ಹುಡುಕಿಕೊಂಡು ಹೋದೆ. ಅಪ್ಪಲಸ್ವಾಮಿ ತೀರಿಕೊಂಡು ಎರಡು ವರ್ಷವಾಗಿತ್ತು. ಬಾಗಿಲು ತೆರೆದ ಅವರ ಹೆಂಡತಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಹಳೆಯ ಪರಿಚಯದವನೆಂದುಕೊಂಡು ಕೂರಿಸಿ, ನೀರು ಕೊಟ್ಟು ಮಾತಾಡಿದರು. ಕೊನೆಕೊನೆಗೆ ಗಂಡನಿಗೇ ಅನುಮಾನ ಬಂದಿತ್ತಂತೆ — "ಅಷ್ಟು ಓದಿದವರು ಹೇಳ್ತಾರೆ ಅಂದರೆ, ನಾನೇ ಇಳಿಯಲಿಲ್ಲವೇನೋ" ಅನ್ನುತ್ತಿದ್ದರಂತೆ.

ಕಾಲಿನ ಜೊತೆಗೆ ಅವರ ನೆನಪನ್ನೂ ನಾನು ಕಿತ್ತುಕೊಂಡಿದ್ದೆ. ಇದು ನನಗೆ ತಿಳಿದಿರಲಿಲ್ಲ.

ಹೇಳಿದೆ. ಎಲ್ಲವನ್ನೂ, ಆಕೆಯ ಭಾಷೆಯಲ್ಲೇ. ಆಕೆ ಬೈಯಲಿಲ್ಲ, ಅಳಲಿಲ್ಲ. ಒಳಗಿನಿಂದ ಮಗಳನ್ನು ಕರೆದರು.

"ಮತ್ತೊಮ್ಮೆ ಹೇಳಿ. ಇವಳೂ ಕೇಳಲಿ."

ಕ್ಷಮೆ ಕೇಳುವ ಮುಖ ನನಗಿರಲಿಲ್ಲ. ಎದ್ದು ನಿಂತೆ, ಆ ಹುಡುಗಿಯ ಮುಖ ನೋಡಿದೆ, ಮೊದಲಿನಿಂದ ಹೇಳಿದೆ.