ರೊಟ್ಟಿ ತಿನ್ನುವ ಮುಂಗುಸಿ

ಶಲವಡಿಯ ಮಡಿವಾಳೆಪ್ಪನಿಗೆ ಐವತ್ತೈದು ವರ್ಷದ ಬಾಳಿನಲ್ಲಿ ಹೆಮ್ಮೆ ಪಡಲು ಸಿಕ್ಕದ್ದು ಎರಡೇ ಸಂಗತಿ. ಊರಿನ ಆ ಬದಿಗೆಲ್ಲ ಅವನದೊಂದೇ ಹಿಟ್ಟಿನ ಗಿರಣಿ. ಮತ್ತು ಅವನ ಮುಂಗುಸಿ ರೊಟ್ಟಿ ತಿನ್ನುತ್ತಿತ್ತು. ಮೊದಲನೆಯದನ್ನು ಅವನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಎರಡನೆಯದನ್ನು ಹೇಳದೆ ಯಾರ ಜೋಳವನ್ನೂ ಬೀಸುತ್ತಿರಲಿಲ್ಲ.

ಎಂಬತ್ತಮೂರನೆಯ ಇಸವಿಯಲ್ಲಿ ಹೊಲದ ಬದುವಿನಲ್ಲಿ ಸಿಕ್ಕ ಮರಿ ಅದು. ಮಡಿವಾಳೆಪ್ಪ ಅದಕ್ಕೆ ಜಾಣ್ಯಾ ಎಂದು ಹೆಸರಿಟ್ಟು, ಹಾಲಿನಲ್ಲಿ ರೊಟ್ಟಿ ನೆನೆಸಿ ತಿನ್ನಿಸಿ ಬೆಳೆಸಿದ. ಸೋಮವಾರಕ್ಕೊಮ್ಮೆ ಹಣೆಗೆ ವಿಭೂತಿ ಹಚ್ಚುತ್ತಿದ್ದ. ಅದು ಮುಂಗಾಲಿನಿಂದ ಒರೆಸಿಕೊಂಡರೆ ಅದನ್ನೂ ಭಕ್ತಿಯ ಲೆಕ್ಕಕ್ಕೇ ಹಿಡಿಯುತ್ತಿದ್ದ. "ನಮ್ಮ ಜಾಣ್ಯಾ ಅಗದಿ ಶರಣ ಆಗೇತ್ರಿ," ಎಂದು ಜೋಳದ ಬುಟ್ಟಿ ಹೊತ್ತು ಬಂದ ಹೆಂಗಸರಿಗೆ ಹೇಳುವನು. ಗಿರಣಿಯಲ್ಲಿ ಇಲಿಗಳು ಕಡಿಮೆಯಾದದ್ದೇಕೆ ಎಂದು ಯಾರಾದರೂ ಕೇಳಿದರೆ, "ಇದನ್ನ ನೋಡಿ ಅಂಜಿ ಊರ ಬಿಟ್ಟಾವು," ಎನ್ನುವನು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಅವರು ಹಿಟ್ಟಿನ ಧೂಳಿಗೆ ಹಾಗೆ ಮಾಡುತ್ತಾರೆಂದು ಅವನು ತಿಳಿದಿದ್ದ.

ಒಂದು ದಿನ ಮುಂಜಾನೆ ಗಿರಣಿಯ ಮೆಟ್ಟಿಲ ಮೇಲೆ ತತ್ತಿಯ ಸಿಪ್ಪೆ ಬಿದ್ದಿತ್ತು. ಜಾಣ್ಯಾನ ಮೂತಿ ಹಳದಿಯಾಗಿತ್ತು. ಹಿತ್ತಲ ಬೇಲಿಯಾಚೆ ಕೋಳಿ ಸಾಕಿದವಳು ಹಸನಬಿ ಒಬ್ಬಳೇ, ಅರವತ್ತು ದಾಟಿದ ವಿಧವೆ. ತತ್ತಿ ಮಾರಿಯೇ ಅವಳ ಒಲೆ ಉರಿಯಬೇಕು. ಅವಳು ಅಂದೇ ಜೋಳ ತಂದು ಪಾಳಿಯಲ್ಲಿ ನಿಂತಿದ್ದಳು, ಅವಳ ಕಾಳು ಆಗಲೇ ಅರ್ಧ ಬೀಸಿಯಾಗಿತ್ತು.

"ನಮ್ಮ ಮುಂಗಲಿಗೆ ತತ್ತಿ ಹಾಕಿದಾಕಿ ನೀ ಏನು?"

"ಹೌದ್ರಿ ಅಣ್ಣಾರ," ಎಂದಳು ಹಸನಬಿ, ಏನೂ ಮುಚ್ಚಿಡದೆ. "ಭಾಳ ದಿನಾ ಆತು. ದಿನಾ ಒಂದ ತತ್ತಿ ಕೊಟ್ರ ಅದು ನನ್ನ ಕೋಳಿಮರಿ ತಂಟೇಕ ಬರೂದಿಲ್ಲ. ಅದಕ್ಕೂ ಚಲೋ, ನನಗೂ ಚಲೋ."

ಮಡಿವಾಳೆಪ್ಪನಿಗೆ ಎಲ್ಲರೆದುರು ಲಂಗೋಟಿ ಕಳಚಿದಂತಾಯಿತು. ಅವಮಾನವಾದವನಿಗೆ ಸಿಟ್ಟಿಗಿಂತ ಹತ್ತಿರದ ನೆಂಟನಿಲ್ಲ. "ಲಿಂಗಾ ಕಟ್ಟಿದವರ ಮನಿ ಪ್ರಾಣಿ ಕೆಡಿಸಿದ್ಯಲ್ಲ! ಇನ್ನ ಮ್ಯಾಲೆ ಈ ಮೆಟ್ಲಾ ಹತ್ತಬ್ಯಾಡ," ಎಂದವನೇ ಬೀಸಿದ ಹಿಟ್ಟು, ಬೀಸದ ಕಾಳು ಎರಡನ್ನೂ ಒಂದೇ ಬುಟ್ಟಿಗೆ ಸುರಿದು ಅವಳ ಕಾಲ ಬಳಿ ಇಟ್ಟ. ಹಸನಬಿ ಬುಟ್ಟಿ ಹೊತ್ತುಕೊಂಡು ಹೋದಳು. ಪಾಳಿಯಲ್ಲಿದ್ದ ಯಾರೊಬ್ಬರೂ ತುಟಿ ಬಿಚ್ಚಲಿಲ್ಲ.

ಅಂದಿನಿಂದ ಜಾಣ್ಯಾನ ಕೊರಳಿಗೆ ಹಗ್ಗ, ಹಗ್ಗಕ್ಕೆ ಗಿರಣಿಯ ಕಂಬ. ರೊಟ್ಟಿಯ ಜೊತೆಗೆ ಪ್ರಾಯಶ್ಚಿತ್ತವೆಂಬಂತೆ ಬೆಲ್ಲ.

ಎರಡು ತಿಂಗಳಾಗುವಷ್ಟರಲ್ಲಿ ಪ್ರಾಣಿ ಗುರುತು ಸಿಗದಂತಾಯಿತು. ಮೊದಲು ಬಾಲದ ಕೂದಲು ಉದುರಿತು, ಆಮೇಲೆ ಬೆನ್ನಿನದು. ಹಿಂಗಾಲು ಒಂದಕ್ಕೊಂದು ತೊಡರತೊಡಗಿದವು. ಕೆಲವೊಮ್ಮೆ ಗೋಡೆಯನ್ನೇ ನೋಡುತ್ತ ಮೈನಡುಗಿಸುತ್ತ ನಿಂತುಬಿಡುತ್ತಿತ್ತು. ಹೊಟ್ಟೆ ತುಂಬ ತಿನ್ನುತ್ತದೆ, ಮತ್ತೂ ಸೊರಗುತ್ತದೆ. ಇದೆಂಥ ಜಡ್ಡು ಎಂದು ಅವನಿಗೆ ಬಗೆಹರಿಯಲಿಲ್ಲ. ಹೆಂಡತಿ ಸಾವಿತ್ರೆವ್ವ ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದಳು. ಅವನು ಮಠದ ವಿಭೂತಿ ತಂದ, ಬೇವಿನ ಎಣ್ಣೆ ಹಚ್ಚಿದ, ಔಡಲೆಣ್ಣೆ ಕುಡಿಸಿದ. ಔಡಲೆಣ್ಣೆಯಿಂದ ಆಗುವುದೇನೋ ಆಯಿತು, ಗುಣವಾಗಲಿಲ್ಲ.

ಆಗ ಅವನು ಒಂದು ಮಾತು ಆಡಿದ. ಗಿರಣಿಯಲ್ಲಿ, ಹತ್ತು ಜನರ ಮುಂದೆ. "ಆಕಿ ತತ್ಯಾಗ ಏನರ ಹಾಕಿರಬೇಕು."

"ನೀವು ಕಣ್ಣಾರೆ ಕಂಡೀರೇನು?" ಎಂದು ಸಾವಿತ್ರೆವ್ವ ಮನೆಯಲ್ಲಿ ಕೇಳಿದಳು.

"ಎಲ್ಲಾ ಕಣ್ಣಿಲೇ ಕಾಣಬೇಕಂತೇನು?"

ಬೆಳಿಗ್ಗೆ 'ಏನರ' ಎಂದಿದ್ದದ್ದು ಸಂಜೆಯ ಹೊತ್ತಿಗೆ 'ಮದ್ದು' ಆಯಿತು. ವಾರ ಕಳೆಯುವುದರೊಳಗೆ ಹಸನಬಿಯ ಬಾಗಿಲಿಗೆ ತತ್ತಿಗೆಂದು ಬರುವವರು ನಿಂತುಹೋದರು. ಮಡಿವಾಳೆಪ್ಪನಿಗೆ ಇದು ಗೊತ್ತಾಗಲಿಲ್ಲ ಎನ್ನುವಂತಿಲ್ಲ. ಗೊತ್ತಾಯಿತು, ಸುಮ್ಮನಿದ್ದ.

ಜಾಣ್ಯಾ ಹಿಂಗಾಲು ಎಳೆಯತೊಡಗಿದ ದಿನ ಅವನು ಅದನ್ನು ಬುಟ್ಟಿಯಲ್ಲಿಟ್ಟು, ಮೇಲೆ ಧೋತರ ಮುಚ್ಚಿ, ಬಸ್ಸು ಹತ್ತಿ ನವಲಗುಂದದ ದನದ ದವಾಖಾನೆಗೆ ಒಯ್ದ. ಅಲ್ಲಿನ ಡಾಕ್ಟರು ಕಿರಿಯ, ನಗುಮುಖದವನು. ಕಣ್ಣು, ಹಲ್ಲು, ಕಾಲು, ಕೊರಳ ಹಗ್ಗ ಎಲ್ಲ ನೋಡಿ ಕೇಳಿದ, "ಏನ ತಿನಿಸ್ತೀರಿ?"

"ರೊಟ್ಟಿ, ಹಾಲು, ಬೆಲ್ಲಾ. ಅಗದಿ ಸ್ವಚ್ಛ ರೀ."

ಡಾಕ್ಟರ ಮುಖದ ನಗು ಹೋಯಿತು. "ಯಜಮಾನ್ರ, ಇದು ಮುಂಗಲಿ. ಹುಳಾ ಹುಪ್ಪಡಿ, ಇಲಿ, ತತ್ತಿ ಇದ್ರನ ಇದರ ರಕ್ತ. ನೀವು ಇದನ್ನ ಹೊಟ್ಟಿ ತುಂಬಿಸಿ ಉಪವಾಸ ಕೆಡವೀರಿ. ಇಷ್ಟ ದಿನಾ ಹ್ಯಾಂಗ ಬದುಕಿತ್ತಿದು?"

ಮಡಿವಾಳೆಪ್ಪ ನೆಲ ನೋಡಿದ. "ಬಾಜೂಕಿನಾಕಿ ಒಬ್ಬಾಕಿ ದಿನಾ ಒಂದ ತತ್ತಿ ಹಾಕತಿದ್ಲು."

"ಹಂಗಾರ ಆಕೀನ ಉಳಿಸ್ಯಾಳ. ಹಗ್ಗಾ ಬಿಚ್ಚಿ, ಆಕಿ ಕಡೆನ ಒಯ್ರಿ."

ಬಸ್ಸಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವನು, ಪಕ್ಕದವರು ಬುಟ್ಟಿಯಲ್ಲೇನೆಂದು ಕೇಳಿದಾಗ ಧೋತರವನ್ನು ಅಂಚಿನವರೆಗೆ ಎಳೆದು ಮುಚ್ಚಿದ. ಮೈಯೆಲ್ಲ ನಾಚಿಕೆಯಾಗಿತ್ತು. ಪ್ರಾಣಿಯನ್ನು ಕೊಲ್ಲುತ್ತಿದ್ದವನು ತಾನು, ಕೊಲೆಯ ಆರೋಪ ಹೊರಿಸಿದ್ದು ಬದುಕಿಸಿದವಳ ಮೇಲೆ.

ಹಸನಬಿಯ ಅಂಗಳದಲ್ಲಿ ಹನ್ನೊಂದು ಕೋಳಿ ಇದ್ದದ್ದು ಅವನಿಗೆ ನೆನಪಿತ್ತು. ಈಗ ಎರಡಿದ್ದವು. "ಉಳದದ್ದು ಮಾರಿದ್ನಿರಿ," ಎಂದಳು ಅವಳು. "ತತ್ತಿ ಒಯ್ಯೂರಿಲ್ಲ, ಕಾಳ ಹಾಕೂದು ಎಲ್ಲಿಂದ?" ಮತ್ತೇನೂ ಕೇಳದೆ ಬಶಿಯಲ್ಲಿ ಒಂದು ತತ್ತಿ ಒಡೆದಳು. ಜಾಣ್ಯಾ ಹಿಂಗಾಲು ಎಳೆಯುತ್ತ ಹೋಗಿ ಬಶಿ ನೆಕ್ಕಿತು.

"ನಂದ ತಪ್ಪಾತು," ಎಂದ ಮಡಿವಾಳೆಪ್ಪ, ತನಗೇ ಕೇಳದಷ್ಟು ಸಣ್ಣಗೆ.

"ಪ್ರಾಣಿ ಏನ ತಪ್ಪ ಮಾಡೇತಿ? ದಿನಾ ಕೊಡ್ತೀನ್ರಿ. ಆದ್ರ ಅಣ್ಣಾರ, ಗಿರಣ್ಯಾಗ ಆಡಿದ ಮಾತು ಗಿರಣ್ಯಾಗ ತಗೀಬೇಕ್ರಿ. ಇಲ್ಲೆ ನನ್ನ ಅಂಗಳದಾಗ ಹೇಳಿದ್ರ ಕೋಳಿ ಕೇಳತಾವಷ್ಟ."

ಮರುದಿನ ಅವನು ಹೇಳಿದ. ಸುಳ್ಳಲ್ಲ, ಹೇಳಿದ, ಆದರೆ ಮೋಟರು ಗುಡುಗುಟ್ಟುವಾಗ, ತಿರುಗುವ ಪಟ್ಟಾ ಕಡೆ ಮುಖ ಮಾಡಿ. "ಏನಂದ್ರಿ?" ಎಂದು ಮುಂದಿದ್ದ ಹೆಂಗಸು ಕೂಗಿದಳು. "ಹಿಟ್ಟು ಸಣ್ಣಗ ಬೇಕೋ ದಪ್ಪಗೋ ಅಂದ್ನಿ," ಎಂದು ಅವನೂ ಕೂಗಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಕೇಳಿ ಬೆಳೆದವನು. ಆಡಿದ್ದನ್ನು ಹಿಂದೆ ತರುವುದು ಇಷ್ಟು ಭಾರವೆಂದು ಯಾರೂ ಹೇಳಿರಲಿಲ್ಲ.

ಜಾಣ್ಯಾ ಚೇತರಿಸಿಕೊಂಡಿತು. ಬೆನ್ನ ಮೇಲೆ ಹೊಸ ಕೂದಲು ಕಂಡಿತು. "ಮಠದ ವಿಭೂತಿ ಕೈ ಹಿಡೀತು ನೋಡ್ರಿ," ಎಂದು ಹೆಂಗಸರು ಹೇಳಿದರೆ ಅವನು ತಲೆಯಾಡಿಸುತ್ತಿದ್ದ. ಹಾಗೆ ತಲೆಯಾಡಿಸಿಯೇ ಮೂರು ವಾರ ಕಳೆದ.

ಹಸನಬಿ ಮತ್ತೊಮ್ಮೆ ಕೇಳಲಿಲ್ಲ. ದಿನಾ ಮುಂಜಾನೆ ಬೇಲಿಯ ಮೇಲಿಂದ ತತ್ತಿ ನೀಡುವಳು, ಅವನು ತೆಗೆದುಕೊಳ್ಳುವನು. ಒಂದು ದಿನ ಅವಳ ಅಂಗೈ ಕಣ್ಣಿಗೆ ಬಿತ್ತು. ಬೀಸುಕಲ್ಲಿನ ಗೂಟ ಹಿಡಿದು ಬೊಬ್ಬೆ ಎದ್ದು, ಒಡೆದು, ಮತ್ತೆ ಎದ್ದಿದ್ದವು. ಗಿರಣಿಯ ಬೆನ್ನಿಗೇ ಮನೆಯಿದ್ದ ಮುದುಕಿ ಇಷ್ಟು ದಿನ ಕೈಯಲ್ಲಿ ಜೋಳ ಬೀಸಿ ಉಣ್ಣುತ್ತಿದ್ದಳು.

ಅಂದು ಗಿರಣಿ ತುಂಬಿದ್ದ ಹೊತ್ತಿನಲ್ಲಿ ಮಡಿವಾಳೆಪ್ಪ ಮೋಟರು ಬಂದ್ ಮಾಡಿದ. ಪಟ್ಟಾ ಪಟಪಟ ಬಡಿದು ನಿಂತಿತು. ಕರೆಂಟು ಹೋಯಿತೆಂದು ಎಲ್ಲರೂ ತಲೆ ಎತ್ತಿದರು.

"ಹಸನಬಿ ಏನೂ ಹಾಕಿದ್ದಿಲ್ಲ," ಎಂದ. "ಆಕಿ ತತ್ತೀಲೆ ಜಾಣ್ಯಾ ಬದುಕಿತ್ತು. ನನ್ನ ರೊಟ್ಟೀಲೆ ಸಾಯಾಕ ಹತ್ತಿತ್ತು. ನಾ ಸುಳ್ಳ ಹೇಳಿದ್ನಿ."

ಯಾರೂ ಬೆರಗಾಗಲಿಲ್ಲ. ಅದೇ ಅವನಿಗೆ ತಿಳಿಯದಾಯಿತು. ಕಡೆಗೆ ಹಿರಿಯಳಾದ ರೇವವ್ವ ಎಲೆಅಡಿಕೆ ಉಗುಳಿ ಬಂದು ಹೇಳಿದಳು, "ಅಕಿ ತತ್ತಿ ಹಾಕೂದು, ಅದು ಇಲಿ ತಿನ್ನೂದು, ಎಲ್ಲಾ ನಮಗ ಗೊತ್ತಿತ್ತೋ ತಮ್ಮಾ. ಹೇಳಾವರು ಯಾರು? ಗಿರಣಿ ನಿಂದೊಂದ ಐತಿ. ಅಕಿನ್ನ ಹೊರಗ ಹಾಕಿದಂಗ ನಮ್ಮನ್ನೂ ಹಾಕಿದ್ರ?"

ಮರುದಿನ ಹಸನಬಿ ಬುಟ್ಟಿ ಹೊತ್ತು ಬಂದಳು. ಮೆಟ್ಟಿಲ ಕೆಳಗೆ ಒಂದು ಗಳಿಗೆ ನಿಂತು, ಹತ್ತಿದಳು. ಮಡಿವಾಳೆಪ್ಪ ಮುಂದಿನವರ ಬುಟ್ಟಿ ಸರಿಸಿ ಎರಡೂ ಕೈ ಚಾಚಿದ. "ಬರ್ರಿ ಅಕ್ಕಾರ, ನಿಮ್ಮದು ಮೊದಲ ಬೀಸತೀನಿ."

"ಬ್ಯಾಡ್ರಿ," ಎಂದಳು ಹಸನಬಿ, ಬುಟ್ಟಿಯನ್ನು ಸಾಲಿನ ತುದಿಗೆ ಇಳಿಸುತ್ತ. "ಪಾಳಿ ಬಂದಾಗ ಬೀಸ್ರಿ. ಅಷ್ಟ ಸಾಕು ನನಗ."

ಅವಳ ಮುಂದೆ ಏಳು ಬುಟ್ಟಿಗಳಿದ್ದವು. ಅವನು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು, ಏಳನ್ನೂ ತಲೆ ಎತ್ತದೆ ಬೀಸಿದ.