ಸ್ವಂತ ಹಾಡಿಲ್ಲದ ಟಾಲಿವರ್

ಲೆಮ್ಯುಯೆಲ್ ಟಾಲಿವರ್ ಮೂವತ್ತೆರಡು ವರ್ಷ ಶಾಲೆಯ ಬಸ್ ಓಡಿಸಿದ, ಮೂವತ್ತೆಂಟು ವರ್ಷ ನಮ್ಮ ಚರ್ಚಿನ ಗಂಡಸರ ಮೇಳ ನಡೆಸಿದ. ಎರಡರಲ್ಲಿ ಯಾವುದು ಹೆಚ್ಚು ಸುಸ್ತು ಎಂದು ಕೇಳಿದರೆ, “ಬಸ್ಸಿನ ಮಕ್ಳು ಸಂಜೆ ಮನೆ ಹತ್ರ ಆದ್ರೂ ಇಳೀತಿದ್ರು” ಎನ್ನುತ್ತಿದ್ದ. ಅಷ್ಟೂ ವರ್ಷ ಪಿಯಾನೊ ಮುಂದೆ ಕೂತವಳು ನಾನು, ವರ್ನೆಲ್. ಅವನ ಬಗ್ಗೆ ಹೇಳುವ ಹಕ್ಕು ನನಗಿದೆ, ಹೊಗಳಲೇಬೇಕೆಂಬ ದರ್ದಿಲ್ಲ.

ಅವನಿಗೆ ಹಾಡಿಸುವುದು ಕಷ್ಟವಾಗಿರಲಿಲ್ಲ. ಹಾಡು ಆರಿಸುವುದೇ ಅವನನ್ನು ತಿಂದುಹಾಕಿತು. ಬರೀ ಗಂಡಸರ ಮೇಳದಲ್ಲಿ ಮೇಲೆ ಹೋಗಲು ಜಾಗ ಕಡಿಮೆ, ಕೆಳಗಿಳಿದರೆ ಎಲ್ಲ ಸೇರಿ ಗೊಜ್ಜಾಗುತ್ತದೆ. ಅಚ್ಚಾದ ಪುಸ್ತಕದಲ್ಲಿ ಮೇಲಿನ ದನಿಗೆ ಎರಡು ಸಾಲು, ಕೆಳಗಿನದಕ್ಕೆ ಎರಡು ಸಾಲು ಇರುತ್ತವೆ. ನಮ್ಮಲ್ಲಿ ಉಳಿದವರು ಏಳು ಜನ, ಐವರು ಎಪ್ಪತ್ತು ದಾಟಿದವರು, ಮೇಲಿನ ದನಿಗೆ ಓಡೆಲ್ ಪ್ರುಯಿಟ್ ಒಬ್ಬನೇ. ಓಡೆಲ್‌ನ ಕುತ್ತಿಗೆಯ ನರ ಎದ್ದಿತೆಂದರೆ ಟಾಲಿವರ್ ಆ ಪುಸ್ತಕ ಮುಚ್ಚಿಬಿಡುತ್ತಿದ್ದ. ರೈಲುಹಳಿ ಹಾಸುವ ಕೂಲಿಗಳ ಹಾಡು ಅವನಿಗೆ ಬಹಳ ಇಷ್ಟ, ಆದರೆ ಎರಡನೇ ಸಾಲಿಗೇ ನಮ್ಮವರಿಗೆ ಏದುಸಿರು. ಬೆಟ್ಟದ ಕಡೆಯವರ ಪ್ರೇಮಗೀತೆ ಹಾಡಿಸಿದರೆ ಹೆಂಡತಿಯರು ಬಾಯಿಗೆ ಬಟ್ಟೆ ಇಟ್ಟುಕೊಂಡು ನಗುತ್ತಿದ್ದರು. ನಾವಿಕರ ಹಾಡು ಒಂದನ್ನು ನಾನೇ ತೋರಿಸಿದ್ದೆ.

“ನಮ್ಮ ಪೈಕಿ ಹಡಗು ಹತ್ತಿದೋರು ಮುತ್ತಾತಂದಿರು, ವರ್ನೆಲ್” ಎಂದ. “ಅವ್ರೇನು ಹಾಡ್ಕೊಂಡು ಹತ್ತಿರ್ಲಿಲ್ಲ.”

ಹಾಗಾಗಿ ಕೊನೆಗೆ ಉಳಿಯುತ್ತಿದ್ದದ್ದು ಆ ಮುತ್ತಾತಂದಿರು ಹತ್ತಿ ಹೊಲದಲ್ಲಿ ಗುಲಾಮರಾಗಿ ದುಡಿಯುತ್ತ ಕಟ್ಟಿದ ಭಕ್ತಿಯ ಹಾಡುಗಳು. ಒಬ್ಬ ಸಾಲು ಎತ್ತಿ ಕರೆಯುತ್ತಾನೆ, ಉಳಿದವರು ಓಗೊಡುತ್ತಾರೆ. ನಡುವೆ ಉಸಿರು ತೆಗೆದುಕೊಳ್ಳಲು ಬಿಡುವಿದೆ. ತೊಡಕೇನೆಂದರೆ ನಮ್ಮಲ್ಲಿ ಅಂಥ ಒಂದೊಂದು ಹಾಡಿಗೂ ಒಬ್ಬ ಒಡೆಯ. ಎಲ್ಲೂ ಬರೆದಿಟ್ಟಿಲ್ಲ, ಆದರೂ ಯಾರೂ ಮೀರುವುದಿಲ್ಲ. ಅವನು ಬದುಕಿರುವಷ್ಟು ದಿನ ಇನ್ನೊಬ್ಬ ಆ ಕರೆ ಎತ್ತುವಂತಿಲ್ಲ. ಅವನು ಹೋದ ದಿನ ಶವಪೆಟ್ಟಿಗೆ ಹೊತ್ತು ಹೊರಡುವಾಗ ಮೇಳದವರು ಅದನ್ನೇ ಹಾಡಿ ಕಳಿಸುತ್ತಾರೆ. ಏಳು ಜನರಲ್ಲಿ ಟಾಲಿವರ್‌ಗೆ ಮಾತ್ರ ಸ್ವಂತ ಹಾಡಿರಲಿಲ್ಲ. ಬಡಿಸುವವನು ಎಲೆ ಮುಂದೆ ಕೂರುವುದು ಯಾವಾಗ?

ಆ ವರ್ಷ ನಮ್ಮ ಮೇಳದ ಹೋಸಿಯಾ ಗೇನ್ಸ್‌ನ ಗಂಟಲಿಗೆ ಕ್ಯಾನ್ಸರ್ ಬಂತು. ಕತ್ತರಿಸಿ ತೆಗೆದ ಮೇಲೆ ಜೀವ ಉಳಿಯಿತು, ದನಿ ಉಳಿಯಲಿಲ್ಲ. ನದಿ ದಾಟುವ ಹಾಡು ಅವನದು. ಸುತ್ತಲ ಮೂರು ಕೌಂಟಿಯಲ್ಲಿ ಅವನಂತೆ ಆ ಕರೆ ಎತ್ತುವವರಿರಲಿಲ್ಲ. ಅವನು ಅಭ್ಯಾಸಕ್ಕೆ ಬರುವುದನ್ನೇ ಬಿಟ್ಟ. ಅದೇ ಹೊತ್ತಿಗೆ ಹೊಸ ಪಾದ್ರಿ ಟಾಲಿವರ್‌ನನ್ನು ಕರೆದು, ಅಕ್ಟೋಬರಿನಲ್ಲಿ ನಮ್ಮ ಮೇಳವೊಂದೇ ಹಾಡುವ ‘ಗಂಡಸರ ಭಾನುವಾರ’ ಸರಿಹೋಗದಿದ್ದರೆ ಈ ಮೇಳ ಮುಚ್ಚಿ, ಇವರನ್ನೆಲ್ಲ ಚರ್ಚಿನ ದೊಡ್ಡ ಮೇಳದ ಹಿಂದಿನ ಸಾಲಿನಲ್ಲಿ ನಿಲ್ಲಿಸೋಣ ಎಂದರು. ಆ ಭಾನುವಾರಕ್ಕೆ ಮೂರು ಹಾಡು ಬೇಕಿತ್ತು. ಎರಡು ಸಿಕ್ಕವು. ಮೂರನೆಯದಕ್ಕೆ ಟಾಲಿವರ್ ಬೇಸಿಗೆ ಪೂರ್ತಿ ಹುಡುಕಿದ. ಉಳಿದ ಆರು ಗಂಟಲಿಗೆ ಹೊಂದುವಂಥದ್ದು ಹೋಸಿಯಾನದೊಂದೇ.

ಹೋಗಿ ಕೇಳಬೇಕಿತ್ತು. ಕೇಳಿದರೆ ‘ನಿನ್ನ ದನಿ ಇನ್ನು ಬರುವುದಿಲ್ಲ’ ಎಂದು ಮುಖಕ್ಕೆ ಹೇಳಿದಂತಾಗುತ್ತದೆ ಎಂದು ಟಾಲಿವರ್ ಹೋಗಲಿಲ್ಲ. ಒಂದು ಮಂಗಳವಾರ ಅಭ್ಯಾಸದಲ್ಲಿ ಓಡೆಲ್‌ಗೆ ಕರೆ ಎತ್ತು ಎಂದ. ನಾನು ಕೈ ಮಡಚಿ ಕೂತೆ.

“ನುಡಿಸು ತಾಯಿ” ಎಂದ. “ಇನ್ನು ಹುಡ್ಕೋಕೆ ನನ್ ಕೈಲಾಗಲ್ಲ.”

ನುಡಿಸಿದೆ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಓಡೆಲ್‌ನ ನರ ಎದ್ದಿತು. ಉಳಿದವರು ಬಾಯಲ್ಲಿ ಹಿಟ್ಟು ತುಂಬಿಕೊಂಡಂತೆ ಓಗೊಟ್ಟರು. ನಮ್ಮ ಊರಿನಲ್ಲಿ ಸುದ್ದಿಗೆ ಕಾಲು ಬೇಕಿಲ್ಲ, ಮುಂದಿನ ಮಂಗಳವಾರ ಹೋಸಿಯಾನೇ ಬಂದ. ಕುತ್ತಿಗೆಗೆ ಕರವಸ್ತ್ರ, ಮೈಮೇಲೆ ಎರಡು ಅಳತೆ ದೊಡ್ಡದಾದ ಅವನದೇ ಕೋಟು. ಎಲ್ಲರೂ ಎದ್ದು ನಿಂತರು. ಅವನ ಪಿಸುಮಾತು ಕೇಳಲು ಫ್ಯಾನ್ ನಿಲ್ಲಿಸಬೇಕಾಯಿತು.

“ನಾನು ಸತ್ತಿದ್ದು ನಂಗೇ ತಡವಾಗಿ ಗೊತ್ತಾಯ್ತು” ಎಂದ.

“ತಪ್ಪಾಯ್ತು ಹೋಸಿಯಾ” ಎಂದ ಟಾಲಿವರ್.

“ಅದ್ರಲ್ಲೂ ಓಡೆಲ್‌ಗೆ ಕೊಟ್ಯಂತೆ. ಅದು ನದಿ ದಾಟೋ ಹಾಡು ಕಣಯ್ಯ, ಮಾಳಿಗೆ ಹತ್ತೋದಲ್ಲ.”

ಓಡೆಲ್ ನೆಲ ನೋಡಿದ. ಟಾಲಿವರ್ ಕುರ್ಚಿಯಲ್ಲಿ ಕುಸಿದು ಕೂತ. ಅವನು ಅಷ್ಟು ಮುದುಕನಾಗಿದ್ದಾನೆಂದು ನನಗೆ ಅವತ್ತೇ ಕಂಡದ್ದು.

“ನಂಗೆ ಸಾಕಾಗಿದೆ” ಎಂದ. “ಇದಿಲ್ದಿದ್ರೆ ಮೇಳ ಇಲ್ಲ. ಬೇಡ ಅಂದ್ರೆ ಬೇಡ, ಪಾದ್ರಿಗೆ ನಾಳೇನೇ ಹೇಳ್ತೀನಿ. ಮನೇಗ್ ಹೋಗಿ ಮಲಗ್ತೀನಿ.”

ಹೋಸಿಯಾ ಇನ್ನೊಂದು ಕುರ್ಚಿ ಎಳೆದುಕೊಂಡು ಅವನೆದುರು ಕೂತ. ಆಮೇಲೆ, “ನೀನು ಕರೆ ಎತ್ತು” ಎಂದ.

“ನಾನಾ? ನನ್ ದನಿ ಎಲ್ಲಿದೆ ಮಾರಾಯ?”

“ನನ್ ಹತ್ರ ಇರೋದಕ್ಕಿಂತ ಹೆಚ್ಚಿದೆ. ತಗೋ, ಇವತ್ತಿಂದ ನಿಂದು.”

ಬದುಕಿರುವಾಗ ಹಾಡು ಬಿಟ್ಟುಕೊಟ್ಟವರನ್ನು ನಾವು ಕಂಡಿರಲಿಲ್ಲ. ಟಾಲಿವರ್ ತಲೆ ಅಲ್ಲಾಡಿಸಿದ.

“ನಂದಾದ್ರೆ, ನಿನ್ನ ಹೊತ್ಕೊಂಡು ಹೋಗೋ ದಿನ ಏನು ಹಾಡೋದು? ನಿನ್ನ ಬರೀಗೈಲಿ ಕಳಿಸ್ಲಾ?”

“ಆ ದಿನ ನಂಗೆ ಕೇಳ್ಸಲ್ಲ” ಎಂದ ಹೋಸಿಯಾ. “ಈ ಭಾನುವಾರ ಕೇಳ್ಸತ್ತೆ.”

ನನಗೆ ಅಳು ತಡೆಯಲಾಗಲಿಲ್ಲ. ಟಾಲಿವರ್ ಕನ್ನಡಕ ಒರೆಸಿಕೊಂಡು, ಶ್ರುತಿ ಎರಡು ಮನೆ ಕೆಳಗಿಳಿಸಿ ಶುರುಮಾಡು ಎಂದು ನನಗೆ ಸನ್ನೆ ಮಾಡಿದ.

ಗಂಡಸರ ಭಾನುವಾರ ಅವನು ಚೆನ್ನಾಗಿ ಹಾಡಿದ ಎಂದು ಹೇಳಲಾರೆ. ದನಿ ಒರಟಾಗಿತ್ತು, ದಣಿದಿತ್ತು, ಎರಡು ಕಡೆ ಉಸಿರು ಸಾಲದೆ ನಿಂತ. ನದಿಯ ಈಚೆ ದಡದಲ್ಲಿ ನಿಂತವನು ಬಹುಶಃ ಹಾಗೆಯೇ ಕರೆಯುತ್ತಾನೆ. ಹೋಸಿಯಾ ಸಭೆಯಲ್ಲಿ ಕೂರಲಿಲ್ಲ, ಮೇಳದ ಸಾಲಿನ ತುದಿಯಲ್ಲಿ ಬಂದು ನಿಂತ. ನಲವತ್ತು ವರ್ಷ ಕರೆದವನು ಅವತ್ತು ಕೆಳಗಿನ ದನಿಯವರ ಜೊತೆ ಓಗೊಟ್ಟ. ದನಿ ಹೊರಡಲಿಲ್ಲ, ತುಟಿ ಮಾತ್ರ ಒಂದು ಮಾತನ್ನೂ ಬಿಡಲಿಲ್ಲ. ಮೇಳ ಮುಚ್ಚುವ ಮಾತನ್ನು ಪಾದ್ರಿ ಮತ್ತೆ ಎತ್ತಲಿಲ್ಲ.